ಬೂದಿ ಮುಚ್ಚಿದ ಕೆಂಡ: ತೀವ್ರ ಆಸ್ತಮಾದ ಮುನ್ಸೂಚನೆಗಳು

ಉಬ್ಬಸ, ಗೂರಲು, ದಮ್ಮು ಎಂದು ನಮ್ಮ ಕಡೆ ಆಸ್ತಮಾಕ್ಕೆ ಹಲವು ಹೆಸರುಗಳಿವೆ. ಎಲ್ಲವೂ ಹೊರಗೆ ಕಾಣುವ, ಕೇಳುವ ಲಕ್ಷಣವನ್ನೇ ಹೇಳುತ್ತವೆ. ಆದರೆ ಕಾಯಿಲೆಯ ಮೂಲ ಇರುವುದು ಉಸಿರುನಾಳಗಳ ಒಳಪದರದ ಉರಿಯೂತದಲ್ಲಿ. ಉಸಿರಾಟ ಸರಾಗವಾಗಿರುವ ದಿನವೂ ಅದು ಬೂದಿ ಮುಚ್ಚಿದ ಕೆಂಡದಂತೆ ಒಳಗಿರಬಹುದು. ಒಂದು ನೆಗಡಿ ಬಂದರೆ ಸಾಕು, ಹೊತ್ತಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ವೈದ್ಯನಾಗಿದ್ದು ನಿವೃತ್ತನಾದ ನನ್ನನ್ನು ಸಂಘದ ಸದಸ್ಯರು ಈಗಲೂ ಕೇಳುವುದುಂಟು: "ಡಾಕ್ಟ್ರೇ, ಅಟ್ಯಾಕ್ ಬರುತ್ತೆ ಅಂತ ಮೊದಲೇ ತಿಳಿಯೋಕೆ ಆಗಲ್ವಾ?" ಬರುವ ದಿನವನ್ನು ಯಾರೂ ಹೇಳಲಾರರು. ಆದರೆ ಯಾರಿಗೆ ಸಂಭವ ಹೆಚ್ಚು ಎಂಬುದನ್ನು ಈಗ ಮೊದಲಿಗಿಂತ ಚೆನ್ನಾಗಿ ಅಂದಾಜು ಮಾಡಬಹುದು.

ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಇನ್‌ಹೇಲರಿನ ಜೊತೆಗೆ ಇನ್ನೊಂದು ಔಷಧಿಯನ್ನು ಸರಿಯಾಗಿ ತೆಗೆದುಕೊಂಡರೂ ಹತೋಟಿಗೆ ಬಾರದ, ಅಥವಾ ಅಷ್ಟು ಔಷಧಿಯಿಂದ ಮಾತ್ರ ಹತೋಟಿಯಲ್ಲಿರುವ ಆಸ್ತಮಾವನ್ನು ತೀವ್ರ ಆಸ್ತಮಾ ಎನ್ನುತ್ತೇವೆ. ಇಂಥವರು ಆಸ್ತಮಾ ರೋಗಿಗಳಲ್ಲಿ ಸ್ವಲ್ಪ ಮಂದಿಯಾದರೂ, ಆಸ್ಪತ್ರೆ ಸೇರುವ ಅಪಾಯ ಇವರಿಗೇ ಹೆಚ್ಚು. ಇವರ ಮುನ್ಸೂಚನೆಗೆ ಮುಖ್ಯವಾಗಿ ಎರಡು ಜೈವಿಕ ಸೂಚಕಗಳಿವೆ, ಅಂದರೆ ಬಯೋಮಾರ್ಕರುಗಳು.

ಮೊದಲನೆಯದು ರಕ್ತದಲ್ಲಿರುವ ಈಸಿನೊಫಿಲ್ ಎಂಬ ಬಿಳಿ ಕಣ. ಈಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಈ ಕಣವನ್ನು ಪೌಲ್ ಎರ್ಲಿಖ್ 1879ರಲ್ಲಿ ಗುರುತಿಸಿ ಹೆಸರಿಟ್ಟರು. ನಮ್ಮ ಊರಿನ ಲ್ಯಾಬ್ ಇದನ್ನು ಎಇಸಿ 300 ಎಂದು ಬರೆದರೆ, ಇಲ್ಲಿನ ವರದಿಯಲ್ಲಿ 0.3 ಎಂದಿರುತ್ತದೆ. ಎರಡೂ ಒಂದೇ. ತೀವ್ರ ಆಸ್ತಮಾ ಇರುವವರಲ್ಲಿ ಈ ಸಂಖ್ಯೆ 300 ದಾಟಿದ್ದರೆ ನಾವು ಎಚ್ಚರಗೊಳ್ಳುತ್ತೇವೆ.

ಎರಡನೆಯದು ಹೊರಬಿಡುವ ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್. ಈ ಪರೀಕ್ಷೆಯನ್ನು ಫೆನೊ ಎನ್ನುತ್ತಾರೆ. ಒಂದು ಕೊಳವೆಯೊಳಗೆ ಸುಮಾರು 10 ಸೆಕೆಂಡು ಒಂದೇ ಸಮನೆ ಊದಿದರೆ ಸಾಕು. ಸೂಜಿ ಬೇಡ, ನೋವಿಲ್ಲ. ಶತಕೋಟಿಗೆ ಇಷ್ಟು ಭಾಗ ಎಂಬ ಲೆಕ್ಕದಲ್ಲಿ ವಯಸ್ಕರಿಗೆ 25ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 50ಕ್ಕಿಂತ ಹೆಚ್ಚಿದ್ದರೆ ಹೆಚ್ಚು ಎಂದು ಎಣಿಸುತ್ತೇವೆ.

ಎರಡು ಪರೀಕ್ಷೆ ಏಕೆ? ಇಂಟರ್‌ಲ್ಯೂಕಿನ್-5 ಎಂಬ ರಾಸಾಯನಿಕ ಈಸಿನೊಫಿಲ್‌ಗಳನ್ನು ಬೆಳೆಸುತ್ತದೆ. ಇಂಟರ್‌ಲ್ಯೂಕಿನ್-13 ಉಸಿರುನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಹೊರಬಿಡುವಂತೆ ಮಾಡುತ್ತದೆ. ಹೀಗೆ ಒಂದು ಸೂಚಕ ಹೇಳದ್ದನ್ನು ಇನ್ನೊಂದು ಹೇಳುತ್ತದೆ. ಎರಡೂ ಹೆಚ್ಚಿರುವವರಿಗೆ, ಒಂದೇ ಹೆಚ್ಚಿರುವವರಿಗಿಂತ ಅಪಾಯ ಅಧಿಕ.

ಇದರಿಂದ ರೋಗಿಗೆ ಲಾಭವಾಗುತ್ತದೆ ಎಂಬುದಕ್ಕೆ ಲೆಸ್ಟರ್ ನಗರದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಸಾಕ್ಷಿ. 74 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಫದಲ್ಲಿರುವ ಈಸಿನೊಫಿಲ್ ನೋಡಿ ಔಷಧಿ ಹೊಂದಿಸಿದರು; ಇನ್ನೊಂದಕ್ಕೆ ಅಂದಿನ ವಾಡಿಕೆಯ ಚಿಕಿತ್ಸೆ ಕೊಟ್ಟರು. ಒಂದು ವರ್ಷದಲ್ಲಿ ತೀವ್ರ ಉಲ್ಬಣಗಳು ಮೊದಲ ಗುಂಪಿನಲ್ಲಿ 35, ಎರಡನೆಯದರಲ್ಲಿ 109. ಸ್ಟಿರಾಯ್ಡ್‌ನ ಸರಾಸರಿ ಪ್ರಮಾಣದಲ್ಲಿ ಮಾತ್ರ ಗಣನೀಯ ವ್ಯತ್ಯಾಸವಿರಲಿಲ್ಲ. ಅಂದರೆ ಔಷಧಿಯನ್ನು ಸುಮ್ಮನೆ ಹೆಚ್ಚಿಸಿದ್ದಲ್ಲ, ಬೇಕಾದವರಿಗೆ ಬೇಕಾದಾಗ ಕೊಟ್ಟದ್ದು ಕೆಲಸ ಮಾಡಿತು. ಇಂದು ಮೆಪೊಲಿಜುಮ್ಯಾಬ್, ಬೆನ್ರಾಲಿಜುಮ್ಯಾಬ್, ಡ್ಯುಪಿಲುಮ್ಯಾಬ್‌ನಂಥ ಚುಚ್ಚುಮದ್ದುಗಳು ಯಾರಿಗೆ ತಕ್ಕವು ಎಂದು ನಿರ್ಧರಿಸಲೂ ಈ ಸೂಚಕಗಳೇ ಆಧಾರ. ಸ್ಟಿರಾಯ್ಡ್ ಮಾತ್ರೆ ಮತ್ತೆ ಮತ್ತೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಮಧುಮೇಹ ಮನೆಮನೆಯಲ್ಲಿರುವ ನಮ್ಮವರಿಗೆ ಇದು ಸಣ್ಣ ಮಾತಲ್ಲ.

ಆದರೆ ಅಂಕಿಗಳು ದಾರಿ ತಪ್ಪಿಸಬಲ್ಲವು. ಊರಿನಿಂದ ತಂದಿಟ್ಟ ಸ್ಟಿರಾಯ್ಡ್ ಮಾತ್ರೆಯನ್ನು ತಾವಾಗಿಯೇ ನುಂಗಿ ಪರೀಕ್ಷೆಗೆ ಹೋದರೆ ಈಸಿನೊಫಿಲ್ ಇಳಿದು ಕಾಣುತ್ತದೆ. ಧೂಮಪಾನ ಫೆನೊ ಅಂಕಿಯನ್ನು ತಗ್ಗಿಸುತ್ತದೆ. "ಇನ್‌ಹೇಲರ್ ಚಟವಾಗುತ್ತೆ" ಎಂಬ ಹೆದರಿಕೆಯಿಂದ ಪ್ರಿವೆಂಟರ್ ಬಿಟ್ಟವರಲ್ಲಿ ಅದು ಏರುತ್ತದೆ. ಅವರಿಗೆ ಹೊಸ ಔಷಧಿಗಿಂತ ಮೊದಲು ಹಳೆಯದನ್ನು ದಿನವೂ ಸೇದುವುದು ಬೇಕು. ಹೊಟ್ಟೆಹುಳುಗಳೂ ಈಸಿನೊಫಿಲ್ ಏರಿಸುತ್ತವೆ. ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳು ಭಾರತ ಬಿಟ್ಟು ದಶಕಗಳಾದ ಮೇಲೂ ದೇಹದಲ್ಲಿ ಉಳಿದಿರಬಹುದು. ಅದಿದ್ದಾಗ ಸ್ಟಿರಾಯ್ಡ್ ಕೊಟ್ಟರೆ ಪ್ರಾಣಾಪಾಯ. ಹಾಗಾಗಿ ನೀವು ಎಲ್ಲಿ ಬೆಳೆದಿರಿ, ಊರಿಗೆ ಹೋಗಿ ಬಂದದ್ದು ಯಾವಾಗ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಎರಡೂ ಸೂಚಕಗಳು ಕಡಿಮೆ ಇದ್ದ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ಕಳೆದ ವರ್ಷ ಉಲ್ಬಣವಾಗಿತ್ತೇ, ನೀಲಿ ಇನ್‌ಹೇಲರ್ ಪದೇಪದೇ ಬೇಕಾಗುತ್ತಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಯಾವ ಯಂತ್ರವೂ ಬೇಡ, ಆದರೆ ಬೆಲೆ ಅಷ್ಟೇ ಇದೆ. ಮುಂದಿನ ವಾರ್ಷಿಕ ತಪಾಸಣೆಗೆ ಹೋದಾಗ ನಿಮ್ಮ ಈಸಿನೊಫಿಲ್ ಎಷ್ಟು, ಫೆನೊ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಇನ್ನು ಮಾತಾಡಲೂ ಆಗದಷ್ಟು ಉಬ್ಬಸ ಬಂದ ರಾತ್ರಿ ಯಾವ ಅಂಕಿಗೂ ಕಾಯಬೇಡಿ. ನೀಲಿ ಇನ್‌ಹೇಲರ್ ತೆಗೆದುಕೊಳ್ಳುತ್ತಲೇ 999ಕ್ಕೆ ಕರೆ ಮಾಡಿ.