ಸೂಜಿ ಹಿಡಿಯುವ ಮೊದಲು ಏನು ಕಲಿತಿದ್ದಾರೆ?

ತೆಂಗಿನ ಕೆಲಸ ಮೈಯನ್ನು ಸುಮ್ಮನೆ ಬಿಡುವುದಿಲ್ಲ. ಮರ ಹತ್ತುವವರಿಗೆ ಭುಜ ಹಿಡಿಯುತ್ತದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ಸುಲಿಯುವವರಿಗೆ ಸೊಂಟ ಹೋಗುತ್ತದೆ. ಅಟ್ಟದಿಂದ ಇಳಿಸಿದ ಕಾಯಿಯ ಮುಂದೆ ದಿನವಿಡೀ ಕುಕ್ಕರಗಾಲಲ್ಲಿ ಕೂರುವ ಹೆಂಗಸರಿಗೆ ಮಂಡಿ ನೋವು ಅಂಟಿಕೊಳ್ಳುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡವರು ‘ಚೀನಾದ ಸೂಜಿ ಚುಚ್ಚಿಸಿಕೊಂಡರೆ ಹೇಗೆ?’ ಎಂದು ಕೇಳುವುದು ಸಹಜ. ಇದಕ್ಕೆ ಸರಿಯಾದ ಉತ್ತರ ಬೇಕಾದರೆ ಈ ಸೂಜಿ, ಅಂದರೆ ಅಕ್ಯುಪಂಕ್ಚರ್, ನಮ್ಮ ದೇಶಕ್ಕೆ ಯಾರ ಕೈಯಲ್ಲಿ ಬಂತು ಎಂಬುದನ್ನು ತಿಳಿಯಬೇಕು.

1937ರಲ್ಲಿ ಜಪಾನ್ ಚೀನಾದ ಮೇಲೆ ದಾಳಿ ಮಾಡಿತು. ವೈದ್ಯರನ್ನು ಕಳಿಸಿಕೊಡಿ ಎಂದು ಚೀನಾದ ಸೇನಾಪತಿ ಝು ದೆ ಅವರು ನೆಹರೂ ಅವರಿಗೆ ಪತ್ರ ಬರೆದರು. ಸುಭಾಷ್‌ಚಂದ್ರ ಬೋಸ್ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಹಣ ಕೂಡಿಸಿ, 1938ರ ಸೆಪ್ಟೆಂಬರ್‌ನಲ್ಲಿ ಐವರು ವೈದ್ಯರನ್ನು ಮುಂಬೈಯಿಂದ ಹಡಗು ಹತ್ತಿಸಿತು. ಅಟಲ್, ಚೋಳ್ಕರ್, ಮುಖರ್ಜಿ, ಬಸು ಮತ್ತು ಕೋಟ್ನಿಸ್. ದ್ವಾರಕಾನಾಥ ಕೋಟ್ನಿಸ್ ಕನ್ನಡ ಮರಾಠಿಗಳೆರಡೂ ಬೀದಿಯಲ್ಲಿ ಕೇಳುವ ಸೊಲ್ಲಾಪುರದವರು. ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾಗಿ, 1942ರ ಡಿಸೆಂಬರ್ 9ರಂದು 32ನೇ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ನಿರ್ದೇಶಕ ಶಾಂತಾರಾಂ 1946ರಲ್ಲಿ ಅವರ ಮೇಲೆ ಸಿನಿಮಾ ಮಾಡಿದರು. ಅಂಚೆ ಇಲಾಖೆ 1993ರಲ್ಲಿ ಅವರ ಅಂಚೆಚೀಟಿ ತಂದಿತು.

ಅದೇ ಹಡಗಿನಲ್ಲಿ ಹೋಗಿದ್ದ ಬಿಜಯ್ ಕುಮಾರ್ ಬಸು ಅವರ ಹೆಸರು ನಮ್ಮ ಕಡೆ ಎಷ್ಟು ಜನಕ್ಕೆ ಗೊತ್ತು? ಸೂಜಿಯನ್ನು ನಮಗೆ ತಂದುಕೊಟ್ಟವರು ಅವರು. ಚೀನಾದ ಯೆನಾನ್‌ನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದು ಅವರು 1943ರಲ್ಲಿ ಕಲ್ಕತ್ತೆಗೆ ಮರಳಿದರು. ದಿಗ್ಬಂಧನದಿಂದ ಔಷಧಿಯೇ ಸಿಗದಿದ್ದ ಅದೇ ಯೆನಾನ್‌ನಲ್ಲಿ, ಪಾಶ್ಚಾತ್ಯ ವೈದ್ಯ ಕಲಿತಿದ್ದ ಝು ಲಿಯನ್ ಎಂಬ ವೈದ್ಯೆ ಅಕ್ಯುಪಂಕ್ಚರ್ ಕೈಗೆತ್ತಿಕೊಂಡರು. ಸೂಜಿಯನ್ನು ಕುದಿಸಿ ಶುದ್ಧ ಮಾಡುವುದು, ಸೂಜಿ ಹಾಕುವ ಬಿಂದುಗಳನ್ನು ಶರೀರಶಾಸ್ತ್ರದ ನರ, ಮಾಂಸಖಂಡಗಳ ಜೊತೆ ಹೊಂದಿಸಿ ಕಲಿಸುವುದು ಇಂಥವರಿಂದ ರೂಢಿಗೆ ಬಂತು. 1950ರ ದಶಕದ ಕೊನೆಯಲ್ಲಿ ಬಸು ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು, 1959ರಿಂದ ಕಲ್ಕತ್ತೆಯಲ್ಲಿ ರೋಗಿಗಳಿಗೆ ಸೂಜಿ ಹಾಕತೊಡಗಿದರು. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಪೀಕಿಂಗ್‌ನ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿಕೊಂಡದ್ದನ್ನು ಬರೆದು ಅಮೆರಿಕನ್ನರ ಕಣ್ಣು ತೆರೆಸಿದ್ದು 1971ರಲ್ಲಿ. ಅಂದರೆ ಕಲ್ಕತ್ತೆ ಹನ್ನೆರಡು ವರ್ಷ ಮುಂದಿತ್ತು.

ಬಸು ಪೂರ್ತಿ ಕಲಿತ ವೈದ್ಯರು. ಯಾವ ನೋವಿಗೆ ಕತ್ತರಿ, ಯಾವುದಕ್ಕೆ ಮಾತ್ರೆ, ಯಾವುದಕ್ಕೆ ಸೂಜಿ ಎಂದು ವಿಂಗಡಿಸಬಲ್ಲವರಾಗಿದ್ದೇ ಸೂಜಿ ಕೈಗೆತ್ತಿಕೊಂಡರು. ಅವರ ಹೆಸರಿನ ಜೊತೆ ಈ ಕ್ರಮವನ್ನೂ ನಾವು ಮರೆತೆವು. ಕೆಲವೇ ದಿನದ ತರಬೇತಿಯ ಪ್ರಮಾಣಪತ್ರ ಗೋಡೆಗೆ ತೂಗುಹಾಕಿ ಸಕ್ಕರೆ ಕಾಯಿಲೆಯಿಂದ ಹಿಡಿದು ಎಲ್ಲವನ್ನೂ ವಾಸಿ ಮಾಡುತ್ತೇವೆ ಎನ್ನುವವರನ್ನು ಕಂಡಾಗ ಸಿಟ್ಟು ಬರುವುದು ಇದಕ್ಕೇ.

ಪಶ್ಚಿಮ ಬಂಗಾಳ 1996ರಲ್ಲೇ ಅಕ್ಯುಪಂಕ್ಚರ್‌ಗೆ ಪ್ರತ್ಯೇಕ ಕಾಯ್ದೆ ಮಾಡಿತು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಒಪ್ಪಿತು. ನಮ್ಮಲ್ಲಿ ಇದು ಹೆಚ್ಚಾಗಿ ಬೇರೂರಿದ್ದು ಪ್ರಕೃತಿ ಚಿಕಿತ್ಸೆಯ ಜೊತೆಗೆ. ಬೆಂಗಳೂರಿನ ತುಮಕೂರು ರಸ್ತೆಯ ಜಿಂದಾಲ್ ಪ್ರಕೃತಿ ಚಿಕಿತ್ಸಾ ಕೇಂದ್ರ, ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು ಅಂಥ ನೆಲೆಗಳು. ಬಿಎನ್‌ವೈಎಸ್ ಎಂಬ ಪ್ರಕೃತಿ ಚಿಕಿತ್ಸಾ ಪದವಿಯ ಪಾಠದಲ್ಲಿ ಅಕ್ಯುಪಂಕ್ಚರ್ ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಅಕ್ಯುಪಂಕ್ಚರನ್ನೂ ವೈದ್ಯಕೀಯ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಿದೆ. ಹಾಗಾಗಿ ನೋಂದಣಿ ಪತ್ರ ಎಲ್ಲಿ, ದರಪಟ್ಟಿ ಎಲ್ಲಿ ಎಂದು ಕೇಳುವ ಹಕ್ಕು ರೋಗಿಗಿದೆ.

ಸೂಜಿಯಿಂದ ಏನು ಸಿಗುತ್ತದೆ? ಹಳೆಯ ಸೊಂಟನೋವು, ಮಂಡಿನೋವು, ಕತ್ತುನೋವು, ಮತ್ತೆ ಮತ್ತೆ ಬರುವ ತಲೆನೋವು ಇವುಗಳಲ್ಲಿ ಹಲವರಿಗೆ ಸ್ವಲ್ಪ ಆರಾಮ ಸಿಗುತ್ತದೆ. ಸಾವಿರಕ್ಕೂ ಹೆಚ್ಚು ಸೊಂಟನೋವಿನ ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಚಿಕಿತ್ಸೆಗಿಂತ ಸೂಜಿ ಹಾಕಿಸಿಕೊಂಡವರೇ ಹೆಚ್ಚು ಸುಧಾರಿಸಿದರು. ಆದರೆ ಬಿಂದು ಬಿಟ್ಟು ಬೇರೆ ಕಡೆ ಮೇಲೆಮೇಲೆ ಚುಚ್ಚಿಸಿಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಗುಣ ಕಂಡಿತು. ಆದ್ದರಿಂದ ಪವಾಡ ಬೇಡ, ಉಪಶಮನ ನಿರೀಕ್ಷಿಸಿ. ಕಾಲು ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ, ಮರದಿಂದ ಬಿದ್ದಿದ್ದರೆ ಮೊದಲು ಆಸ್ಪತ್ರೆಗೇ ಹೋಗಬೇಕು.

ಸೂಜಿ ಕೂದಲಿಗಿಂತ ಕೊಂಚ ದಪ್ಪ, ಅಷ್ಟೆ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ. ಜೋಮು, ಭಾರ ಅನಿಸಬಹುದು. ಬರಿಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರಬಹುದು. ಒಬ್ಬರಿಗೆ ಒಮ್ಮೆ ಮಾತ್ರ ಬಳಸುವ, ನಿಮ್ಮೆದುರೇ ಪೊಟ್ಟಣ ಒಡೆದು ತೆಗೆದ ಸೂಜಿಯೇ ಆಗಬೇಕು. ಬೇರೆಯವರಿಗೆ ಹಾಕಿದ ಸೂಜಿಯಿಂದ ಹೆಪಟೈಟಿಸ್ ಬರಬಹುದು. ಎದೆಭಾಗದಲ್ಲಿ ಆಳಕ್ಕೆ ಇಳಿದ ಸೂಜಿ ಶ್ವಾಸಕೋಶಕ್ಕೆ ತೂತು ಮಾಡೀತು. ಗರ್ಭಿಣಿಯರು, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಪೇಸ್‌ಮೇಕರ್ ಇರುವವರು ಮೊದಲೇ ಹೇಳಬೇಕು.

ಸೂಜಿಯ ಜೊತೆ ಕೊಡುವ ಚೀನೀ ಗಿಡಮೂಲಿಕೆಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಆ ಪರಂಪರೆಯಲ್ಲಿ ಹುರುಳಿದೆ. ಸಾವಿರದ ಆರುನೂರು ವರ್ಷದ ಹಿಂದಿನ ಗ್ರಂಥದ ಸುಳಿವು ಹಿಡಿದು ತು ಯೂಯೂ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದರು. ಅದೇ ಪರಂಪರೆಯ ಅರಿಸ್ಟೊಲೋಕಿಯಾ ಬೇರು ತಪ್ಪಾಗಿ ಬೆರೆತ ತೂಕ ಇಳಿಸುವ ಔಷಧಿಯಿಂದ 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಹಾಳಾಯಿತು. ನಮ್ಮ ಮನೆಯ ಜ್ಯೇಷ್ಠಮಧುವೇ ಚೀನೀ ಕಷಾಯಗಳಲ್ಲೂ ಧಾರಾಳವಾಗಿ ಬೀಳುತ್ತದೆ. ಬಹಳ ದಿನ ತೆಗೆದುಕೊಂಡರೆ ರಕ್ತದೊತ್ತಡ ಏರಿಸುತ್ತದೆ. ಏನೇನು ಹಾಕಿದ್ದಾರೆಂದು ಬರೆಯದ ಪುಡಿಯನ್ನು ಬಾಯಿಗೆ ಹಾಕಬೇಡಿ. ಬಿಪಿ, ಸಕ್ಕರೆ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ನೀವಾಗಿ ನಿಲ್ಲಿಸಬೇಡಿ.

ಚಿಕಿತ್ಸೆಗೆ ಹೋಗುವವರು ಎಷ್ಟು ಸಲ ಬರಬೇಕು, ಗುಣ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ ಎಂದು ಮೊದಲ ದಿನವೇ ಕೇಳಿ. ಅದಕ್ಕೂ ಮೊದಲು, ಸೂಜಿ ಹಿಡಿಯುವ ಮುನ್ನ ನೀವು ಯಾವ ವೈದ್ಯ ಕಲಿತಿದ್ದೀರಿ ಎಂದು ಕೇಳಿ. ಬಸು ಅವರಂಥವರ ಬಳಿ ಇದಕ್ಕೆ ನೇರ ಉತ್ತರವಿತ್ತು. ಉತ್ತರ ಕೊಡಲು ಹಿಂಜರಿಯುವವರ ಕೈಗೆ ನಿಮ್ಮ ಸೊಂಟ ಒಪ್ಪಿಸಬೇಡಿ.