ನಿಂತು ಕೇಳಿದ ಸಂಗೀತ

ಸಂಗೀತವನ್ನು ಕುಳಿತು ಕೇಳಬೇಕು ಎಂಬುದು ನಮ್ಮಲ್ಲಿ ರೂಢಿಯಾಗಿ ಬಂದ ನಂಬಿಕೆ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತ, ನಡುನಡುವೆ ‘ಭೇಷ್’ ಎನ್ನುತ್ತ ಕೇಳಿದರೇ ಕೇಳಿದಂತೆ. ನಿಂತು ಕೇಳುವವರು ಒಂದೋ ತಡವಾಗಿ ಬಂದವರು, ಇಲ್ಲವೋ ಟಿಕೆಟ್ಟಿಗೆ ಹಣವಿಲ್ಲದವರು. ನನ್ನ ತಂದೆಯವರು ಎರಡನೆಯ ಪಂಗಡಕ್ಕೆ ಸೇರಿದವರು. ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಸಂಗೀತವೆಂದರೆ ಪ್ರಾಣ. ಮೈಸೂರಿನಲ್ಲಿ ದೊಡ್ಡ ವಿದ್ವಾಂಸರ ಕಛೇರಿ ನಡೆದಾಗಲೆಲ್ಲ ಅವರು ಚಪ್ಪರದ ಹೊರಗೆ, ತಡಿಕೆಯ ಮಗ್ಗುಲಲ್ಲಿ, ಕಂದು ಬಣ್ಣದ ಉಣ್ಣೆಯ ಮಫ್ಲರನ್ನು ಕಿವಿಯೊಂದನ್ನು ಬಿಟ್ಟು ತಲೆಗೆಲ್ಲ ಸುತ್ತಿಕೊಂಡು, ಮಂಗಳ ಹಾಡುವವರೆಗೂ ನಿಂತಿರುತ್ತಿದ್ದರು. ಅವರ ಕೈಹಿಡಿದು ನಿಲ್ಲುತ್ತಿದ್ದ ನನಗೆ ಅದೊಂದು ಅವಮಾನವಾಗಿ ತೋರುತ್ತಿತ್ತು. ಹೈಸ್ಕೂಲು ಸೇರಿದ ಮೇಲೆ ಅವರೊಡನೆ ಹೋಗುವುದನ್ನೇ ಬಿಟ್ಟೆ. “ನಿನಗೆ ಕಾಲು ನೋಯುತ್ತದೆ, ಬೇಡ ಬಿಡು” ಎಂದು ನೆಪವನ್ನೂ ಅವರೇ ಒದಗಿಸಿಕೊಟ್ಟರು.

ಈ ಹಳೆಯ ಸಂಗತಿ ಮತ್ತೆ ಮನಸ್ಸಿಗೆ ಬಂದುದು ವಿಯೆನ್ನಾ ನಗರದಲ್ಲಿ. ಕಳೆದ ದಸರೆಯ ರಜೆಯಲ್ಲಿ, ಅಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಮೂರು ವಾರ ಉಳಿದಿದ್ದೆ. ಅಕ್ಟೋಬರಿನ ಚಳಿಗೆಂದು ಹೊರಡುವಾಗ ಪೆಟ್ಟಿಗೆಗೆ ಸೇರಿಸಿದ ಬಟ್ಟೆಗಳಲ್ಲಿ ತೀರಿಹೋದ ತಂದೆಯವರ ಆ ಮಫ್ಲರೂ ಒಂದಾಗಿತ್ತು.

ಮೋಟ್ಸಾರ್ಟ್, ಬೀಥೋವನ್, ಶೂಬರ್ಟ್, ಬ್ರಾಮ್ಸ್ ಮೊದಲಾದವರು ಬಾಳಿ ಬದುಕಿದ ಊರು ವಿಯೆನ್ನಾ. ಅಲ್ಲಿ ನಾನು ಮೊದಲು ಹೋದದ್ದು ‘ಮೂಜಿಕ್‌ಫೆರಾಯ್ನ್’ ಎಂಬ ಸಂಗೀತಭವನಕ್ಕೆ. 1812ರಲ್ಲಿ ಹುಟ್ಟಿದ ಸಂಗೀತಪ್ರೇಮಿಗಳ ಸಂಘವೊಂದು ಕಟ್ಟಿಸಿದ ಭವನವಿದು. 1870ರ ಜನವರಿ 6ರಂದು ಬಾಗಿಲು ತೆರೆಯಿತು. ಅದರ ದೊಡ್ಡ ಸಭಾಂಗಣದಲ್ಲಿ ಸುಮಾರು 1,700 ಆಸನಗಳಿವೆ. ಕುರ್ಚಿಯ ಟಿಕೆಟ್ಟು ಕೊಡಿಸುತ್ತೇನೆಂದು ತಂಗಿ ಹೇಳಿದಳು. ಅದರ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿದಾಗ, ಕುಳಿತರೆ ಸಂಗೀತ ಕೇಳುವುದಕ್ಕಿಂತ ಲೆಕ್ಕ ಹಾಕುವುದರಲ್ಲೇ ಹೊತ್ತು ಹೋದೀತೆಂದು ತೋರಿತು. ಆಸನಗಳ ಹಿಂದೆ ಮುನ್ನೂರು ಜನಕ್ಕೆ ನಿಲ್ಲುವ ಎಡೆಯುಂಟು. ಅದರ ಟಿಕೆಟ್ಟು ಕೆಲವೇ ಯೂರೋ. ನಾನು ಅದನ್ನೇ ಕೊಂಡೆ.

ಒಳಗೆ ಕಾಲಿಟ್ಟರೆ ಕಣ್ಣಿಗೆ ಕಾಣುವುದೆಲ್ಲ ಚಿನ್ನದ ಬಣ್ಣ. ಎರಡೂ ಪಕ್ಕದಲ್ಲಿ ಸಾಲಾಗಿ ನಿಂತ ಹೊಂಬಣ್ಣದ ಸ್ತ್ರೀವಿಗ್ರಹಗಳನ್ನು ನೋಡಿ ಬೇಲೂರಿನ ಮದನಿಕೆಯರು ನೆನಪಾದರು. ಆದರೆ ಇವರು ನರ್ತಿಸುವವರಲ್ಲ. ನನ್ನಂತೆಯೇ ಸುಮ್ಮನೆ ನಿಂತವರು.

ಈ ಅಲಂಕಾರವೆಲ್ಲ ಕೇವಲ ಸಿರಿಯ ಪ್ರದರ್ಶನವೆಂದು ಭಾವಿಸಿದವನಿಗೆ ಸಂಗೀತ ಆರಂಭವಾದ ಮೇಲೆ ಬೇರೆಯೇ ಅರ್ಥ ಹೊಳೆಯಿತು. ಸಭಾಂಗಣದ ಉದ್ದ ಸುಮಾರು 49 ಮೀಟರು, ಅಗಲ 19, ಎತ್ತರ ಹದಿನೆಂಟಕ್ಕೆ ಸ್ವಲ್ಪ ಕಡಮೆ. ಬೆಂಕಿಪೊಟ್ಟಣದಂತೆ ನೀಳವಾದ ಆಕಾರ. ಇಕ್ಕಟ್ಟಾದ ಪಕ್ಕದ ಗೋಡೆಗಳು ನಾದವನ್ನು ಬೇಗ ಹಿಂದಿರುಗಿಸುತ್ತವೆ. ವಿಗ್ರಹಗಳೂ ಚಾವಣಿಯ ಚೌಕಟ್ಟುಗಳೂ ಅದನ್ನು ಒಡೆದು ಎಲ್ಲ ದಿಕ್ಕಿಗೂ ಹಂಚುತ್ತವೆ. ಮರದ ಚಾವಣಿ ಗೋಡೆಗಳ ಮೇಲೆ ಕೂತಿಲ್ಲ, ಮೇಲಿನಿಂದ ತೂಗುಬಿಟ್ಟಿದೆ. ನೆಲದ ಕೆಳಗೆ ಪೊಳ್ಳು ಜಾಗವಿದೆ. ಸಭೆ ತುಂಬಿದಾಗ ಒಂದು ಸ್ವರ ನಿಂತ ಬಳಿಕವೂ ಅದರ ಅನುರಣನ ಸುಮಾರು ಎರಡು ಸೆಕೆಂಡು ಉಳಿಯುತ್ತದೆ. ನಾವು ವೀಣೆಯ ಎದುರಿಗೆ ಕುಳಿತು ಕೇಳುತ್ತೇವೆ. ಇಲ್ಲಿ ಕೇಳುಗನನ್ನು ವೀಣೆಯ ಕೊಡದೊಳಕ್ಕೇ ಇಳಿಸಿದಂತಿದೆ. ಅಮೆರಿಕದ ವ್ಯಾಲೇಸ್ ಸಬೀನ್ ಸಭಾಂಗಣದ ನಾದಕ್ಕೆ ಗಣಿತದ ಸೂತ್ರವನ್ನು ಹುಡುಕತೊಡಗಿದ್ದು 1895ರ ಸುಮಾರಿನಲ್ಲಿ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲೇ ಶಿಲ್ಪಿ ತೆಯೋಫಿಲ್ ಹಾನ್ಸೆನ್ ಇದನ್ನು ಕಟ್ಟಿ ಮುಗಿಸಿದ್ದ.

ಅಂದು ನುಡಿಸಿದ್ದು ಬ್ರಾಮ್ಸನ ಎರಡನೆಯ ಸಿಂಫನಿ. 1877ರ ಡಿಸೆಂಬರ್ 30ರಂದು ಇದೇ ಚಾವಣಿಯ ಕೆಳಗೆ ಮೊದಲ ಬಾರಿಗೆ ನುಡಿದ ಕೃತಿ. ಮೊದಲನೆಯ ಭಾಗ ಮುಗಿದೊಡನೆ ನನ್ನ ಕೈಗಳು ತಾವಾಗಿಯೇ ಚಪ್ಪಾಳೆ ತಟ್ಟಿದವು. ಎರಡು ಸಾವಿರ ಜನರ ಮೌನದಲ್ಲಿ ಅದು ಒಂಟಿ ಚಪ್ಪಾಳೆ! ಮುಂದಿನ ಸಾಲಿನ ಕೆಲವು ತಲೆಗಳು ತಿರುಗಿದವು. ನಾಲ್ಕು ಭಾಗಗಳೂ ಮುಗಿಯುವವರೆಗೆ ಅಲ್ಲಿ ಯಾರೂ ಕೈ ತಟ್ಟುವುದಿಲ್ಲವೆಂಬುದು ನನಗೆ ತಿಳಿದಿರಲಿಲ್ಲ. ಬೆವರಿಳಿದು ನಿಂತಿದ್ದಾಗ ಪಕ್ಕದ ವೃದ್ಧರೊಬ್ಬರು ನನ್ನ ತೋಳನ್ನು ಮೆಲ್ಲನೆ ಮುಟ್ಟಿ, ಮುಗುಳ್ನಕ್ಕು, ವೇದಿಕೆಯತ್ತ ಕಣ್ಣು ತೋರಿಸಿದರು. ‘ಇರಲಿ, ಮುಂದೆ ಕೇಳು’ ಎಂಬ ಅರ್ಥಕ್ಕೆ ಭಾಷೆ ಬೇಕಾಗಲಿಲ್ಲ.

ಆ ಮೌನ ಅನಾದಿಕಾಲದ್ದೇನೂ ಅಲ್ಲವೆಂದು ಆಮೇಲೆ ಓದಿ ತಿಳಿದು ನನಗೆ ಸಮಾಧಾನವಾಯಿತು. 1813ರ ಡಿಸೆಂಬರ್ 8ರಂದು ಇದೇ ಊರಿನಲ್ಲಿ ಬೀಥೋವನನ ಏಳನೆಯ ಸಿಂಫನಿ ಮೊದಲು ನುಡಿದಾಗ, ಅದರ ಎರಡನೆಯ ಭಾಗವನ್ನು ಮತ್ತೊಮ್ಮೆ ನುಡಿಸುವವರೆಗೂ ಜನ ಬಿಡಲಿಲ್ಲವಂತೆ. ನಮ್ಮ ‘ಭೇಷ್’ಗೂ ಅಲ್ಲಿ ಒಂದು ಕಾಲದಲ್ಲಿ ಬಂಧುಗಳಿದ್ದರು. ಆದರೂ ಆ ಸಂಜೆ ಉಳಿದ ಮೂರು ಭಾಗಗಳ ನಡುವಿನ ಮೌನವನ್ನು ಕೇಳುತ್ತ, ನಾದ ಅಡಗುವುದನ್ನು ಕಾಯುವುದೂ ರಸಾನುಭವದ ಒಂದು ಅಂಗವೇ ಎಂಬುದನ್ನು ನಾನು ಕಲಿತೆ.

ಮುಂದಿನ ವಾರ ಸರ್ಕಾರಿ ಒಪೆರಾ ಮಂದಿರಕ್ಕೆ ಹೋದೆ. 1869ರಲ್ಲಿ ಮೋಟ್ಸಾರ್ಟನ ‘ಡಾನ್ ಜೊವಾನಿ’ಯೊಡನೆ ಆರಂಭವಾದ ಮಂದಿರವದು. 1945ರ ಮಾರ್ಚ್ 12ರಂದು ಬಾಂಬು ಬಿದ್ದು ರಂಗಸ್ಥಳವೂ ಸಭಾಂಗಣವೂ ಸುಟ್ಟುಹೋದವು. ಉಳಿದದ್ದು ಮುಂಭಾಗವೂ ಮಹಾಸೋಪಾನವೂ ಮಾತ್ರ. ಹತ್ತು ವರ್ಷದ ದುಡಿಮೆಯ ಮೇಲೆ, 1955ರ ನವೆಂಬರ್ 5ರಂದು, ಸೆರೆಯಿಂದ ಗಂಡನನ್ನು ಬಿಡಿಸುವ ಸಾಹಸಿಯ ಕಥೆಯಾದ ಬೀಥೋವನನ ‘ಫಿಡೆಲಿಯೊ’ದೊಡನೆ ಅದು ಮತ್ತೆ ತೆರೆಯಿತು. ನಾನು ಹೋದ ದಿನವೂ ಅದೇ ಕೃತಿಯಿದ್ದದ್ದು ನನ್ನ ಅದೃಷ್ಟ.

ಅಲ್ಲಿ ನಿಲ್ಲುವವರ ಎಡೆಯಿರುವುದು ಎಲ್ಲಿ ಎಂಬುದನ್ನು ಓದುಗರು ಊಹಿಸಲಾರರು. ಹಿಂದೆ ಚಕ್ರವರ್ತಿ ಕುಳಿತುಕೊಳ್ಳುತ್ತಿದ್ದ ನಡುವಣ ಉಪ್ಪರಿಗೆಯ ಕೆಳಗೆ! ರಂಗಸ್ಥಳ ನೇರವಾಗಿ ಎದುರಿಗೆ. ಸಾಲಾಗಿ ಕಂಬಿಗಳು, ಅವುಗಳ ಮೇಲೆ ಒರಗಿ ನಿಲ್ಲಬೇಕು. ಮೊದಲು ಬಂದವರು ಕಂಬಿಗೆ ಕೊರಳವಸ್ತ್ರವೊಂದನ್ನು ಕಟ್ಟಿ ಹೊರಗೆ ಹೋಗುತ್ತಾರೆ. ಕಟ್ಟಿದ ಬಟ್ಟೆಯನ್ನು ಯಾರೂ ಮುಟ್ಟುವುದಿಲ್ಲ. ಆ ಗಂಟೇ ಹಕ್ಕುಪತ್ರ. ನಾನೂ ಮಫ್ಲರನ್ನು ಬಿಚ್ಚಿ ಕಟ್ಟಿದೆ. ಹಿಂದಿರುಗಿ ಬಂದಾಗ ಜನ ಕಿಕ್ಕಿರಿದಿದ್ದರು. ವಿದ್ಯಾರ್ಥಿಗಳು, ಊರುಗೋಲು ಹಿಡಿದ ಮುದುಕಿಯೊಬ್ಬರು, ತೊಡೆಯ ಮೇಲೆ ಸ್ವರಲಿಪಿಯಿಲ್ಲದಿದ್ದರೂ ಕೈಯಲ್ಲಿ ಹಿಡಿದು ಓದುತ್ತಿದ್ದ ಯುವಕ. ಅವರೆಲ್ಲರ ನಡುವೆ ನನ್ನ ತಂದೆಯವರ ಮಫ್ಲರಿನ ಎಡೆ ಮಾತ್ರ ಖಾಲಿಯಾಗಿತ್ತು.

ಮೊದಲನೆಯ ಅಂಕದಲ್ಲಿ, ಕತ್ತಲ ಕೋಣೆಗಳಿಂದ ಕೈದಿಗಳು ಅಂಗಳದ ಬೆಳಕಿಗೆ ಒಬ್ಬೊಬ್ಬರಾಗಿ ಬಂದು, ಗಾಳಿಯನ್ನು ಕಂಡು, ಅಂಜುತ್ತಂಜುತ್ತ ಹಾಡತೊಡಗುವ ಸನ್ನಿವೇಶವಿದೆ. ಆಗ ನನ್ನ ಕಣ್ಣು ತುಂಬಿ ರಂಗಸ್ಥಳ ಮಸುಕಾಯಿತು. ಇಷ್ಟು ಒಳ್ಳೆಯ ಎಡೆಯಲ್ಲಿ, ಯಾರ ಅನುಕಂಪಕ್ಕೂ ಪಾತ್ರನಾಗದೆ, ಬಡವನೊಬ್ಬ ನಿಂತು ಸಂಗೀತ ಕೇಳಬಹುದೆಂಬುದನ್ನು ತಿಳಿಯದೆಯೇ ಅವರು ಹೋದರು. ಮಾತ್ರವಲ್ಲ, ನಿಲ್ಲುವುದು ಅವಮಾನವಲ್ಲವೆಂದು ಅವರಿಗೆ ಹೇಳಬೇಕಾಗಿದ್ದವನು ನಾನು. ನಾನು ಮನೆಯಲ್ಲಿ ಉಳಿದಿದ್ದೆ.

ರಾತ್ರಿ ಮನೆಗೆ ಬಂದಾಗ ತಂಗಿ, “ಕಾಲು ನೋಯಿತೇ ಅಣ್ಣ?” ಎಂದಳು. ನೋಯಿತೆಂದೆ. ಬಿಸಿನೀರು ಕಾಯಿಸಿಕೊಟ್ಟಳು.

ನಮ್ಮ ಊರುಗಳಲ್ಲಿ ಈಗ ಹೊಸ ಸಭಾಂಗಣಗಳು ಏಳುತ್ತಿವೆ. ಮುಂದಿನ ಸಾಲುಗಳಲ್ಲಿ ದಾನಿಗಳಿಗೂ ಗಣ್ಯರಿಗೂ ಮೆತ್ತನೆಯ ಆಸನಗಳನ್ನು ಹಾಕಿಸುತ್ತೇವೆ. ಅವುಗಳಲ್ಲಿ ಎಷ್ಟೋ ಕಛೇರಿ ಮುಗಿಯುವವರೆಗೂ ಖಾಲಿಯಾಗಿಯೇ ಇರುತ್ತವೆ. ಕಟ್ಟಿಸುವ ಮಹನೀಯರಲ್ಲಿ ನನ್ನದೊಂದು ಸಣ್ಣ ವಿಜ್ಞಾಪನೆ: ಕೊನೆಯ ಸಾಲಿನ ಹಿಂದೆ ನಾಲ್ಕು ಗಜದಷ್ಟು ನೆಲವನ್ನು ಬಿಟ್ಟು, ಎದೆಯೆತ್ತರಕ್ಕೆ ಒಂದು ಕಂಬಿಯನ್ನು ಹಾಕಿಸಿ. ಅದಕ್ಕೆ ಒಂದು ಕಪ್ಪು ಕಾಫಿಯ ಬೆಲೆಯನ್ನು ಗೊತ್ತುಮಾಡಿ. ಮಫ್ಲರು ಕಟ್ಟುವವರು ತಾವಾಗಿಯೇ ಬರುತ್ತಾರೆ.