ಬೆಟ್ಟದ ನೆತ್ತಿಯ ಕಪ್ಪು ಮಣ್ಣು



ಕಾಫಿ ಸಸಿಮಡಿಗೆ ಕಾಡುಮಣ್ಣು ಬೇಕೆಂದಾಗ ನಮ್ಮ ಮಲೆನಾಡಿನವರ ಕಣ್ಣು ಮೇಲಕ್ಕೆ ಹೋಗುತ್ತದೆ. ಎತ್ತರದ ಶೋಲಾ ಕಾಡಿನ ಮಣ್ಣು ಕಾಡಿಗೆಯಂತೆ ಕಪ್ಪು, ಹಿಡಿದರೆ ಹತ್ತಿಯ ಹಾಗೆ ಹಗುರ. "ಇಷ್ಟು ಕಪ್ಪಿದ್ದ ಮೇಲೆ ಸಾರ ಇಲ್ಲದೆ ಇರುತ್ತದೆಯೆ?" ಅಂತೀರಿ. ಸರ್ಕಾರಿ ಕಾಡಿನ ಮಣ್ಣನ್ನು ಹೊತ್ತು ತರುವುದು ಕಾನೂನಿಗೆ ಒಪ್ಪುವುದಿಲ್ಲ, ಅದು ಒಂದು ಮಾತು. ಕಪ್ಪೆಲ್ಲ ಸಾರವಲ್ಲ ಎಂಬುದು ಇನ್ನೊಂದು. ಇಂದು ಈ ಎರಡನೆಯ ಮಾತನ್ನು ವಿಚಾರ ಮಾಡೋಣ.

ಬೆಟ್ಟ ಹತ್ತಿದಂತೆ ಚಳಿ ಹೆಚ್ಚುವುದನ್ನು ನೀವು ಬಲ್ಲಿರಿ. ಸಾವಿರ ಮೀಟರು ಮೇಲೇರಿದರೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಶಾಖ ಇಳಿಯುತ್ತದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರು ಎತ್ತರ. ಅದರ ನೆತ್ತಿ ಚಿಕ್ಕಮಗಳೂರು ಪೇಟೆಗಿಂತ 5 ಡಿಗ್ರಿಯಷ್ಟು ತಂಪು. ಎಲೆ ಉದುರುವುದು ಮೇಲೂ ಉಂಟು, ಕೆಳಗೂ ಉಂಟು. ಆದರೆ ಅದನ್ನು ಕೊಳೆಸಿ ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳು ಚಳಿಯಲ್ಲಿ ನಿಧಾನಿಗಳು. ಕೆಳಗೆ ಬೇಗ ಕರಗಿ ಗಿಡದ ಬಾಯಿಗೆ ಹೋಗುವ ತರಗೆಲೆ ಮೇಲೆ ಅರೆಬರೆ ಕೊಳೆತು ಪದರ ಪದರವಾಗಿ ಕೂಡಿಬೀಳುತ್ತದೆ. ನೀಲಗಿರಿಯ ಜೌಗುಗಳಲ್ಲಿ ಹೀಗೆ ಕೂಡಿದ ಪದರಗಳು ಸುಮಾರು 20,000 ವರ್ಷ ಹಿಂದಿನಿಂದ ಬಂದವೆಂದು 1993ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಕಪ್ಪು ಬಣ್ಣ ಎಂದರೆ ಬಹುಪಾಲು ಇನ್ನೂ ಮುಗಿಯದ ಕೆಲಸ.

ಈ ಕೆಲಸ ಮಾಡುವವರು ಯಾರು? ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ, ಸಾವಿರಾರು ಬಗೆ. ಹಿಂದೆ ಇವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಎಣಿಸುತ್ತಿದ್ದರು. ನೂರಕ್ಕೆ ಒಂದು ಬೆಳೆದರೆ ಹೆಚ್ಚು. ಈಗ ಮಣ್ಣಿನಿಂದಲೇ ಅವುಗಳ ವಂಶವಾಹಿಯನ್ನು ತೆಗೆದು ಓದುತ್ತಾರೆ. ಹೀಗಾಗಿ ಬೆಟ್ಟದ ಬುಡದಿಂದ ನೆತ್ತಿಯವರೆಗೆ ಯಾರು ಯಾರು ವಾಸವಿದ್ದಾರೆಂದು ತಿಳಿಯಿತು.

ತಿಳಿದದ್ದು ಮಾತ್ರ ಸೋಜಿಗ. ಪೆರು ದೇಶದ ಆಂಡೀಸ್ ಪರ್ವತದ ಇಳಿಜಾರಿನಲ್ಲಿ 200 ಮೀಟರಿನಿಂದ 3,400 ಮೀಟರಿನವರೆಗೆ ನೋಡಿದರು. ಮೇಲೇರಿದಂತೆ ಮರಗಳ ಬಗೆ ಕಡಿಮೆ, ಹಕ್ಕಿ ಕಡಿಮೆ, ಬಾವಲಿ ಕಡಿಮೆ. ಬ್ಯಾಕ್ಟೀರಿಯಾ ಮಾತ್ರ ಆ ಲೆಕ್ಕಕ್ಕೆ ಸೇರಲಿಲ್ಲ. 2011ರ ವರದಿ ಇದು. ಅಮೆರಿಕದ ರಾಕಿ ಪರ್ವತಗಳಲ್ಲಿ ಹುಳಿಮಣ್ಣಿನ ಒಂದು ಬಳಗದ ಬಗೆಗಳು ಮೇಲೇರಿದಂತೆ ಕಡಿಮೆಯಾದವು (2008). ಜಪಾನಿನ ಫ್ಯೂಜಿ ಬೆಟ್ಟದಲ್ಲಿ ನಡುಮಟ್ಟದಲ್ಲಿಯೇ, ಸುಮಾರು 2,500 ಮೀಟರಿನಲ್ಲಿ, ಹೆಚ್ಚು ಬಗೆ ಸಿಕ್ಕಿದವು (2012). ಇದೇನಪ್ಪಾ, ಒಂದೊಂದು ಬೆಟ್ಟಕ್ಕೆ ಒಂದೊಂದು ನ್ಯಾಯವೇ ಎಂದು ನೀವು ಕೇಳಬಹುದು. ಚೀನದ ಚಾಂಗ್‌ಬಾಯ್ ಬೆಟ್ಟದ 2013ರ ಪರೀಕ್ಷೆ ಇದಕ್ಕೆ ಒಂದು ಸುಳಿವು ಕೊಟ್ಟಿತು. ಅಲ್ಲಿ ಬ್ಯಾಕ್ಟೀರಿಯಾಗಳ ಬಳಗ ಬದಲಾದದ್ದು ಮುಖ್ಯವಾಗಿ ಮಣ್ಣಿನ ರಸಸಾರವನ್ನು, ಅಂದರೆ ಹುಳಿಯನ್ನು ಅನುಸರಿಸಿ. ಎತ್ತರದ ಮಾತು ಆಮೇಲಿನದು. ರಸಸಾರ 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು.

ನಮ್ಮ ಘಟ್ಟಕ್ಕೆ ಬನ್ನಿ. ಮಳೆ ಹೆಚ್ಚಾದಲ್ಲಿ ನೀರು ಮಣ್ಣಿನ ಸುಣ್ಣದ ಅಂಶವನ್ನು ತೊಳೆದು ಹೊಳೆಗೆ ಒಯ್ಯುತ್ತದೆ, ಉಳಿಯುವುದು ಹುಳಿ. ಆಗುಂಬೆಯ ಕಡೆಯ ಊರೂ ಘಟ್ಟದ ಮೂಡಣ ಮಗ್ಗುಲಿನ ಊರೂ ಒಂದೇ ಎತ್ತರದಲ್ಲಿ ಇರಬಹುದು, ಮಣ್ಣಿನೊಳಗಿನ ಜೀವಬಳಗ ಒಂದೇ ಆಗಬೇಕಿಲ್ಲ. ಹುಳಿ ಮಣ್ಣಿನಲ್ಲಿ ಶಿಲೀಂಧ್ರಗಳಿಗೆ ಅಷ್ಟೇನೂ ತೊಂದರೆಯಿಲ್ಲ. ಕಷ್ಟಪಡುವವು ನಮಗೆ ಬೇಕಾದವೇ: ಅಮೋನಿಯವನ್ನು ನೈಟ್ರೇಟು ಮಾಡುವ ಬ್ಯಾಕ್ಟೀರಿಯಾ, ಅಲಸಂದೆ ಹೆಸರುಗಳ ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ, ಅಜೋಟೋಬ್ಯಾಕ್ಟರ್. ಮೇಲಿನ ಕಪ್ಪು ಮಣ್ಣಿನಲ್ಲಿ ಸಾರಜನಕ ಬೇಕಾದಷ್ಟು ಉಂಟು, ಆದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ. ಬೀಗ ತೆಗೆಯುವವರೇ ಅಲ್ಲಿ ಕಡಿಮೆ.

ಆದುದರಿಂದ ಹುಳಿ ಮಣ್ಣಿಗೆ ರೈಜೋಬಿಯಂ ಪೊಟ್ಟಣ ತಂದು ಹಾಕಿ, "ಏನೂ ಆಗಲಿಲ್ಲ" ಎಂದು ಬೈದು ಪ್ರಯೋಜನವಿಲ್ಲ. ಮೊದಲು ಸುಣ್ಣ, ಆಮೇಲೆ ಜೀವಾಣು ಗೊಬ್ಬರ. ನಡುವೆ ಎರಡು ಮೂರು ವಾರ ಬಿಡಿ. ಸುಟ್ಟ ಸುಣ್ಣವನ್ನೂ ಜೀವಾಣುವನ್ನೂ ಒಟ್ಟಿಗೆ ಕಲಸಿದರೆ ಜೀವಾಣು ಸಾಯುತ್ತದೆ. ಎಷ್ಟು ಸುಣ್ಣ ಎಂಬುದನ್ನು ಮಣ್ಣು ಪರೀಕ್ಷೆಯ ಚೀಟಿ ನೋಡಿಯೇ ಹಾಕಬೇಕು, ಪಕ್ಕದ ತೋಟದವರನ್ನು ಕೇಳಿ ಅಲ್ಲ.

ಸೊಪ್ಪಿನ ಬೆಟ್ಟದ ದರಗು ತರುವವರು ಅದನ್ನು ದನದ ಕಾಲಡಿ ಹಾಸುವ ಹಳೆಯ ಪದ್ಧತಿಯನ್ನು ಬಿಡಬಾರದು. ಸೆಗಣಿ ಗಂಜಳ ಸೇರಿದಾಗ ಬ್ಯಾಕ್ಟೀರಿಯಾಗಳಿಗೆ ಸಾರಜನಕ ಸಿಕ್ಕಿ ಒಣ ಎಲೆಯೂ ಚೆನ್ನಾಗಿ ಕೊಳೆಯುತ್ತದೆ. ಕೆಲವರು ದರಗಿಗೆ ಬೆಂಕಿ ಕೊಡುತ್ತಾರೆ. ಬೂದಿಯಿಂದ ನಾಲ್ಕು ದಿನ ಹುಳಿ ತಗ್ಗುವುದು ನಿಜ, ಸಾರಜನಕವೆಲ್ಲ ಹೊಗೆಯಾಗಿ ಹೋಗುವುದೂ ಅಷ್ಟೇ ನಿಜ.

ಮಣ್ಣು ತೆಗೆಯುವ ಕ್ರಮ ಹೀಗೆ. ಮೇಲಿನ ದರಗನ್ನು ಸರಿಸಿ, ತೋಟದ ಎಂಟು ಹತ್ತು ಕಡೆ ಗೇಣು ಆಳಕ್ಕೆ ಗುಂಡಿ ತೋಡಿ, ಗುಂಡಿಯ ಪಕ್ಕದಿಂದ ಮೇಲಿನಿಂದ ಕೆಳಕ್ಕೆ ಒಂದೇ ದಪ್ಪಕ್ಕೆ ಕೆತ್ತಿ ತೆಗೆಯಿರಿ. ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಆರಿಸಿ, ಅರ್ಧ ಕಿಲೋ ಸಾಕು. ಸುಣ್ಣ, ಗೊಬ್ಬರ ಹಾಕಿದ ಹೊಸತರಲ್ಲಿ ತೆಗೆಯಬೇಡಿ. ತೋಟ ಇಳಿಜಾರಿನಲ್ಲಿದ್ದರೆ ಮೇಲಿನ ಪಾಲಿನ ಮಣ್ಣನ್ನೂ ಕೆಳಗಿನ ಪಾಲಿನ ಮಣ್ಣನ್ನೂ ಬೆರೆಸದೆ ಬೇರೆ ಬೇರೆ ಚೀಲದಲ್ಲಿ ಕಟ್ಟಿ, ಯಾವುದು ಎಲ್ಲಿಯದೆಂದು ಚೀಟಿ ಬರೆದು ಕಳುಹಿಸಿ.